ಬಾಗಿಲ ಬೆಳಕಿನ್ಯಾಗ

ಬ್ಲೀಚ್ ಬ್ಯಾಡ. ಕುಂದರು ಮೊದಲ.
ಈ ಕುರ್ಚಿ ನಂದಲ್ಲ, ಫಿಲೋಮಿನಾ ಬಾಯಿದು,
ದಿನಕ್ಕ ನೂರಾ ಐವತ್ತು ಬಾಡಿಗಿ ಕೊಡತೀನಿ.
ಆದ್ರ ಇದರಾಗ ಕುಂತವರ ಮಾರಿ
ತಾಸೊಪ್ಪತ್ತು ನಂದು.

ಹುಲಿಗೆವ್ವ ಅಂತೀ,
ಎದಿ ಮ್ಯಾಲಿನ ಹೊಟೇಲ್ ಬಿಲ್ಲೆ 'ಹೀನಾ' ಅಂತೈತಿ. ಇರಲಿ.
ಬೋಗ್ಮಾಳೋದಾಗ ಮುಂದಿನ ಟೇಬಲ್ ಖಾಲಿ ಆಗೇತಿ,
ಸ್ವಲ್ಪ ಫ್ರೆಶ್ ಆಗಿ ಬಾ ಅಂದಾನ ಮ್ಯಾನೇಜರ್.
ಫ್ರೆಶ್ ಅಂದ್ರೇನು ನಿನಗೂ ಗೊತ್ತು, ನನಗೂ ಗೊತ್ತು.
ವಾಸ್ಕೋ ಮೀನ ಪ್ಯಾಟಿಯೊಳಗ ಕೇಳು, ಬ್ಯಾರೆನ ಹೇಳತಾರ:
ಕಿವುರು ಕೆಂಪಗಿರಬೇಕು, ಕಣ್ಣು ತಿಳಿ ಇರಬೇಕು.
ಮೈಬಣ್ಣದ ಮಾತು ಅಲ್ಲಿ ಯಾರೂ ಎತ್ತಂಗಿಲ್ಲ.

ಇಲ್ಲಿ ನೋಡು, ನನ್ನ ಗದ್ದದ ಬಾಜೂಕ.
ಇದು ಹುಟ್ಟುಮಚ್ಚಿ ಅಲ್ಲ.
ಲಗ್ನಕ್ಕ ಮೊದಲ ಆರು ತಿಂಗಳು ಒಂದು ಟ್ಯೂಬು ಹಚ್ಚಿದ್ದೆ,
ಔಷಧ ಅಂಗಡ್ಯಾವ ಚೀಟಿ ಕೇಳಲಾರದ ಕೊಟ್ಟಿದ್ದ,
ನಲವತ್ತು ರೂಪಾಯಿ.
ಮೊದಲನೇ ತಿಂಗಳು ಓಣಿ ಎಲ್ಲಾ ಹೊಗಳತು.
ಮೂರನೇ ತಿಂಗಳಿಗೆ ಚರ್ಮ ಉಳ್ಳಾಗಡ್ಡಿ ಸಿಪ್ಪಿ,
ಬಿಸಿಲಿಗೆ ನಿಂತ್ರ ಉರಿ.
ಬಿಟ್ಟ ಮ್ಯಾಲೆ ಮೊದಲಿಗಿಂತ ಕಪ್ಪು, ಅದೂ ತ್ಯಾಪಿ ತ್ಯಾಪಿ.
ಲಗ್ನದ ಫೋಟೋದಾಗ ಕೈ ಒಬ್ಬಾಕಿದು, ಮಾರಿ ಒಬ್ಬಾಕಿದು.
ಆಲ್ಬಮ್ ಅಟ್ಟದ ಮ್ಯಾಲೈತಿ.

ಹಿಂಗ ಮಾಡು.
ಜಳಕ ಆದ ಕೂಡ್ಲೆ, ಮೈ ಹಸಿ ಇದ್ದಾಗನ
ಕೊಬ್ಬರಿ ಎಣ್ಣಿ ನಾಕು ಹನಿ. ಮಾರಿಗಲ್ಲ, ಮೈಗೆ:
ಮೊಣಕೈ, ಮೊಣಕಾಲು, ಹಿಮ್ಮಡ.
ಬೂದಿ ಬಡದಂಗ ಕಾಣೂದು ಬಣ್ಣ ಅಲ್ಲವ್ವ, ಅದು ನೀರಡಿಕಿ.
ನಿಂಬಿಹಣ್ಣು ತಿಕ್ಕಬ್ಯಾಡ, ಅದು ಮೀನಿಗೆ.
ಪೌಡರ್ ಬಿಡು. ಬಂದರಿನ ಕಲ್ಲಿದ್ದಲ ಪುಡಿ
ಕಿಟಕಿ ಮ್ಯಾಲೆ ಕುಂಡ್ರೂ ಹಂಗ ಕುಂಡ್ರತೈತಿ,
ಬಣ್ಣ ಅಷ್ಟ ಉಲ್ಟಾ.
ಬಿಸಿಲಿನ ಕ್ರೀಮ್ ಮಾತ್ರ ತಪ್ಪಿಸಬ್ಯಾಡ.
ಕರೇ ಮಂದಿಗೆ ಬಿಸಿಲೇನ ಮಾಡತೈತಿ ಅನ್ನಾವರಿಗೆ
ಹಳೇ ಮೊಡವಿ ಕಲಿ ಯಾಕ ಹೋಗವಲ್ಲವು ಕೇಳು.
ಮೊಡವಿ ಹಿಚಕಬ್ಯಾಡ. ಹಿಚಕಿದ್ರ ನಮ್ಮ ಚರ್ಮ
ವರ್ಷಗಟ್ಟಲೆ ಸಿಟ್ಟು ಇಟ್ಕೋತೈತಿ,
ಥೇಟ್ ನಮ್ಮವ್ವನಂಗ.

ತಿಳಿ ಗುಲಾಬಿ ತುಟಿಗೆ ಬ್ಯಾಡ, ಸುಣ್ಣ ತಿಂದಂಗ ಆಕ್ಕೈತಿ.
ಮುಳಗಾಯಿ ಬಣ್ಣ ಹಚ್ಚು.
ಹಳದಿ ಉಡಬ್ಯಾಡ ಅಂದಿದ್ರಾ ಸಣ್ಣಾಕಿದ್ದಾಗ?
ನನಗೂ ಅಂದಿದ್ರು. ಸೂರ್ಯಾನ ಹೂವಿನ ನಡುವ ಏನೈತಿ,
ನೋಡೇ ಇಲ್ಲ ಅವರು.

ಈ ಡಬ್ಬಿಯೊಳಗ ಹನ್ನೆರಡು ಬಣ್ಣ.
ಹತ್ತಕ್ಕ ಹೆಸರು ಅದಾವು: ಕೆನಿ, ದಂತ, ಜೇನು, ಬದಾಮಿ,
ಎಲ್ಲಾ ಹಾಲಿನ ಬೀಗರು.
ಮೂಲ್ಯಾಗಿನ ಎರಡಕ್ಕ ಬರೇ ನಂಬರು.
ಕಂಪನಿಯವರಿಗೆ ಹೆಸರು ಹೊಳಿಲಿಲ್ಲ, ನಾನ ಇಟ್ಟೀನಿ:
ಒಂದು ಹುಣಸೀ ಬೀಜ,
ಇನ್ನೊಂದು ಮಳಿ ಬಿದ್ದ ಎರಿ.
ನಿನಗ ಎರಡೂ ಕೂಡಬೇಕು. ಹುಣಸೀ ಬೀಜ ಎರಡು ಪಾಲು.

ಕೈ ಮ್ಯಾಲೆ ನೋಡೂದಲ್ಲ. ಗದ್ದದ ಅಂಚಿಗೆ ಒಂದು ಗೆರಿ.
ಟ್ಯೂಬ್‌ಲೈಟ್ ಸುಳ್ಳು ಹೇಳತೈತಿ.
ಏಳು, ಬಾಗಿಲಿಗೆ ಬಾ.

ಹೊರಗ ಹನ್ನೊಂದರ ಬಿಸಿಲು.
ಮಡಗಾಂವ ಮಡಗಾಂವ ಅಂತ ಕಂಡಕ್ಟರ್ ಒದರಾಕತ್ತಾನ.
ಕನ್ನಡಿ ಹಿಡದೆ.
'ಅಕ್ಕಾ, ಗೆರಿ ಎಲ್ಲೈತಿ? ನೀ ಹಚ್ಚೇ ಇಲ್ಲ.'
ಹಚ್ಚೀನಿ.
'ಕಾಣವಲ್ದು.'
ಹೂಂ. ಕಾಣಲಾರದ್ದನ ನಿಂದು.

ಆಕಿ ಬಾಳ ಹೊತ್ತು ಹುಡುಕಿದಳು,
ಮಾರಿ ಆ ಕಡೆ ಈ ಕಡೆ ಹೊಳ್ಳಿಸಿ,
ಕಳಕೊಂಡ ಮೂಗುತಿ ಹುಡುಕೂ ಹಂಗ.
ಹುಬ್ಬು ಅಷ್ಟ ಮಾಡಿಸಿಕೊಂಡು ಐವತ್ತು ಕೊಟ್ಟಳು.
ಟೇಬಲ್ ಸಿಗತೈತೋ ಇಲ್ಲೋ.
ಮ್ಯಾನೇಜರನ ಕಣ್ಣಿಗೆ ಹಚ್ಚೂ ಕ್ರೀಮು ನನ್ನ ಹತ್ರ ಇಲ್ಲ.
ಹೋಗೂವಾಗ ಬಿಲ್ಲೆ ಬಿಚ್ಚಿ ಮುಷ್ಟಿಯೊಳಗ ಹಿಡದಿದ್ದಳು,
ಮತ್ತ ಚುಚ್ಚಿಕೋತಾಳೋ ಏನೋ.

ಒಳಗಿಂದ ಫಿಲೋಮಿನಾ ಬಾಯಿ:
ಬ್ಲೀಚಿನ ಪಾಕೀಟು ಒಡದ್ಯಾ?
ಇಲ್ಲ ಬಾಯಿ.

ಸಂಜಿಗೆ ಲಗೂ ಹೋಗಬೇಕು ಇವತ್ತು.
ಅಟ್ಟದ ಧೂಳು ಬಾಳ ಆಗೇತಿ.